ಪಾಂಟೂನ್ ಬೋಟು: ಸೀಟಿನ ಲೆಕ್ಕ ನೋಡಿ ಮರುಳಾಗುವ ಮುನ್ನ

ಕಾಸರಗೋಡು: ಹನ್ನೆರಡು ನದಿಗಳು ಹರಿಯುವ ಜಿಲ್ಲೆ ನಮ್ಮದು. ತೆಂಕಣದಲ್ಲಿ ವಲಿಯಪರಂಬದ ಹಿನ್ನೀರಿನಲ್ಲಿ ಹೌಸ್‌ಬೋಟುಗಳು ಓಡಾಡತೊಡಗಿ ವರ್ಷಗಳೇ ಸಂದವು. ಉತ್ತರ ಮಲಬಾರಿನ ಹೊಳೆಗಳನ್ನು ಪ್ರವಾಸದ ಭೂಪಟಕ್ಕೆ ಸೇರಿಸುವ ಸರಕಾರದ ಯೋಜನೆಯೂ ಇದೆ. ಕೋವಳಂನಿಂದ ಬೇಕಲದ ವರೆಗಿನ ಜಲಮಾರ್ಗದ ಮಾತು ಆಗಾಗ ಕೇಳಿಬರುತ್ತದೆ. ಹೀಗಿರುವಾಗ ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ ಹೊಳೆಗಳ ದಡದ ಯುವಕರಿಗೂ ಸ್ವಸಹಾಯ ಸಂಘಗಳಿಗೂ 'ನಾವೂ ಒಂದು ಬೋಟು ಇಳಿಸಿದರೆ ಹೇಗೆ?' ಎಂಬ ಯೋಚನೆ ಬರುವುದು ಸಹಜ.

ಆ ಯೋಚನೆ ಬಂದವರ ಮೊಬೈಲಿಗೆ ಮೊದಲು ಬಂದು ಬೀಳುವುದು ಪಾಂಟೂನ್ ಬೋಟಿನ ಚಿತ್ರ. ಎರಡು ಉದ್ದನೆಯ ತೇಲುಗೊಳವೆ, ಅದರ ಮೇಲೆ ಸಮತಟ್ಟಾದ ಹಲಗೆ, ಸುತ್ತ ಕಂಬಿ, ಮೇಲೆ ಬಿಸಿಲಿಗೊಂದು ಮಾಡು, ಹಿಂದೆ ಎಂಜಿನು. ಕೆಳಗೆ ಬೆಲೆ, ಅದರ ಪಕ್ಕದಲ್ಲಿ ಐದು ನಕ್ಷತ್ರ. ನೋಡಿದರೆ ಬಲು ಸುಲಭ. ಆದರೆ ಸಾಲ ಮಾಡಿ ಕೊಳ್ಳುವ ವಸ್ತು ಇದು. ಅದರ ಮೇಲೆ ಕೂರುವವರು ಅನ್ಯರ ಮಕ್ಕಳು. ಹಾಗಾಗಿ ಬೆಲೆಯನ್ನೂ ಅಭಿಪ್ರಾಯವನ್ನೂ ಹೋಲಿಸುವುದು ಹೇಗೆಂದು ಸ್ವಲ್ಪ ವಿವರವಾಗಿಯೇ ನೋಡುವುದು ಒಳ್ಳೆಯದು.

ಎಲ್ಲಿಯದು ಈ ಬೋಟು?

ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿ ಜನರನ್ನೂ ವಾಹನಗಳನ್ನೂ ದಾಟಿಸುವ ಜಂಗಾರ್ ನಮ್ಮ ಕರಾವಳಿಗೆ ಹೊಸದಲ್ಲ. ಆದರೆ ಇಂದು ಪಾಂಟೂನ್ ಬೋಟು ಎಂದು ಮಾರಾಟವಾಗುವ ಮಾದರಿ ಹುಟ್ಟಿದ್ದು ಅಮೆರಿಕದ ಮಿನೆಸೋಟ ರಾಜ್ಯದಲ್ಲಿ. 1950ರ ದಶಕದ ಆರಂಭದಲ್ಲಿ ಆಂಬ್ರೋಸ್ ವೀರೆಸ್ ಎಂಬ ಕೃಷಿಕ ಉಕ್ಕಿನ ಡ್ರಮ್ಮುಗಳನ್ನು ಸಾಲಾಗಿ ಬೆಸುಗೆ ಹಾಕಿ, ಅಂಥ ಎರಡು ಸಾಲಿನ ಮೇಲೆ ಮರದ ಹಲಗೆ ಕೂರಿಸಿದರು. ಮುಂದೆ ಅದೇ ದೊಡ್ಡ ಉದ್ಯಮವಾಯಿತು. ಇಂದು ಅಲ್ಲಿ ಅಲ್ಯೂಮಿನಿಯಂ ಗೊಳವೆಗಳ ಬೋಟು 20 ಸಾವಿರ ಡಾಲರಿನ ಆಸುಪಾಸಿನಿಂದ ಹಿಡಿದು ಲಕ್ಷ ಡಾಲರ್ ಮೀರಿದ ಬೆಲೆಗೂ ಸಿಗುತ್ತದೆ.

ಇಲ್ಲೊಂದು ಮಾತು ನೆನಪಿಡಬೇಕು. ಆ ಬೋಟು ಹುಟ್ಟಿದ್ದು ಸಿಹಿನೀರಿನ ಶಾಂತ ಸರೋವರಗಳಿಗೆ, ಒಂದು ಕುಟುಂಬದ ವಾರಾಂತ್ಯದ ವಿಹಾರಕ್ಕೆ. ಅಲ್ಲಿನ ಗ್ರಾಹಕರು ಬರೆದ ಹೊಗಳಿಕೆಯೂ ಆ ನೀರಿಗೇ ಸಲ್ಲುತ್ತದೆ. ನಮ್ಮ ಹೊಳೆಗಳು ಹಾಗಲ್ಲ. ಅಳಿವೆಯ ಹತ್ತಿರ ಉಪ್ಪುನೀರು, ದಿನಕ್ಕೆರಡು ಬಾರಿ ಉಬ್ಬರ ಇಳಿತ, ಜೂನ್ ಬಂದರೆ ಕೆಂಪು ನೆರೆ. ಆದ್ದರಿಂದ ಬೇರೆಡೆಯ ಐದು ನಕ್ಷತ್ರ ಶಿರಿಯದ ಅಳಿವೆಗೆ ಬರುವಾಗ ಎರಡೋ ಮೂರೋ ಆಗಿಬಿಡಬಹುದು!

ಸೀಟು ಎಷ್ಟು? ನಾವೇ ಲೆಕ್ಕ ಹಾಕೋಣ

ಕೊಟೇಶನ್ನಿನಲ್ಲಿ ಎಲ್ಲರ ಕಣ್ಣು ಹೋಗುವುದು 'ಇಷ್ಟು ಸೀಟು' ಎಂಬ ಸಾಲಿಗೆ. ಅದನ್ನು ಪರೀಕ್ಷಿಸಲು ಎಂಜಿನಿಯರೇ ಆಗಬೇಕಿಲ್ಲ, ಹೈಸ್ಕೂಲಿನ ಗಣಿತ ಸಾಕು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಗೊಳವೆಯ ವ್ಯಾಸ 60 ಸೆಂ.ಮೀ., ಉದ್ದ 6 ಮೀಟರ್. ಅದರ ಗಾತ್ರ ಸುಮಾರು 1.7 ಘನಮೀಟರ್. ಅಂದರೆ ಒಂದು ಗೊಳವೆ ಪೂರ್ತಿ ಮುಳುಗಿದಾಗ ಹೊರುವ ಭಾರ ಸುಮಾರು 1,700 ಕಿಲೋ. ಎರಡು ಗೊಳವೆಗೆ 3,400 ಕಿಲೋ. ಆದರೆ ಪೂರ್ತಿ ಮುಳುಗಿದ ಮೇಲೆ ಅದು ಬೋಟಲ್ಲ. ಅರ್ಧ ಮುಳುಗಿ ಅರ್ಧ ಮೇಲಿರಬೇಕೆಂದು ಇಟ್ಟುಕೊಂಡರೆ ಹೊರಬಹುದಾದ ಒಟ್ಟು ಭಾರ 1,700 ಕಿಲೋ ಮಾತ್ರ.

ಇದರಲ್ಲಿ ಗೊಳವೆ, ಹಲಗೆ, ಮಾಡು, ಕಂಬಿ, ಎಂಜಿನು, ಪೆಟ್ರೋಲು ಎಲ್ಲದರ ತೂಕ 900 ಕಿಲೋ ಎನ್ನೋಣ. ಉಳಿಯಿತು 800. ತಲಾ 75 ಕಿಲೋದಂತೆ ಹತ್ತು ಮಂದಿ. ಇಂಥ ಬೋಟಿಗೆ ವ್ಯಾಪಾರಿ '20 ಸೀಟು' ಎಂದು ಬರೆದರೆ ಹಲಗೆಯ ಮೇಲೆ ಕುರ್ಚಿ ಹಿಡಿಯುವುದು ನಿಜವೇ. ಆದರೆ ಸೀಟು ಹಿಡಿಯುವುದೂ ನೀರು ತಡೆಯುವುದೂ ಒಂದೇ ಅಲ್ಲ.

ಇನ್ನೂ ಮುಖ್ಯವಾದ ಪ್ರಶ್ನೆ ಇದೆ. ಎಲ್ಲರೂ ಒಂದೇ ಬದಿಗೆ ಬಂದು ನಿಂತರೆ? 20 ಮಂದಿಯ ಭಾರ 1,500 ಕಿಲೋ. ಬೋಟಿನ ಭಾರದ ಅರ್ಧ, 450 ಕಿಲೋ. ಒಟ್ಟು 1,950. ಆ ಬದಿಯ ಗೊಳವೆ ಹೊರುವುದು 1,700 ಮಾತ್ರ. ಗೊಳವೆ ನೀರಿನಡಿ ಹೋಗುತ್ತದೆ, ಬೋಟು ಮಗುಚುತ್ತದೆ. ಹತ್ತೇ ಮಂದಿಯಾದರೆ 1,200 ಕಿಲೋ, ಬೋಟು ವಾಲಿದರೂ ತಡೆದುಕೊಳ್ಳುತ್ತದೆ. ಇದು ಕೇವಲ ಒರಟು ಲೆಕ್ಕ. ಕೊನೆಯ ಮಾತು ನೌಕಾ ತಜ್ಞರು ಮಾಡುವ ಸ್ಥಿರತೆಯ ಪರೀಕ್ಷೆಯದ್ದು. ಆದರೂ ವ್ಯಾಪಾರಿಯ ಮುಂದೆ ಕುಳಿತು ಗೊಳವೆಯ ವ್ಯಾಸ, ಉದ್ದ, ಖಾಲಿ ಬೋಟಿನ ತೂಕ ಈ ಮೂರನ್ನು ಕೇಳಿದರೆ ಸಾಕು. ಉತ್ತರ ಕೊಡಲು ತಡವರಿಸುವವರ ಕೊಟೇಶನನ್ನು ಅಲ್ಲಿಯೇ ಮಡಚಿಡಬಹುದು.

ಕಾಗದದ ಮೇಲಿನ ಈ ಲೆಕ್ಕ ಸುಮ್ಮನೆ ಹೇಳಿದ್ದಲ್ಲ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಎರಡಂತಸ್ತಿನ ಹೊಸ ಬೋಟು ಮಗುಚಿ 45 ಮಂದಿ ಸತ್ತರು. ಪ್ರವಾಸಿಗರು ಕಾಡುಪ್ರಾಣಿಗಳನ್ನು ನೋಡಲು ಒಂದೇ ಬದಿಗೆ ಸರಿದಿದ್ದರೆಂದು ಆಗ ವರದಿಯಾಗಿತ್ತು. 2023ರ ಮೇ 7ರ ಸಂಜೆ ಮಲಪ್ಪುರದ ತಾನೂರಿನಲ್ಲಿ ಮುಳುಗಿದ ಬೋಟಿನಲ್ಲಿ 22 ಮಂದಿ ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮಾಡಿದ ಪ್ರವಾಸಿ ಬೋಟು, ತುಂಬಿಸಿದ್ದೂ ಮಿತಿ ಮೀರಿದ ಜನರನ್ನು. ಗಡಿಯ ಆಚೆಗೂ ಇದೇ ಕಥೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು.

ಅಗ್ಗವೆಂಬುದು ಯಾವುದು?

ಈಗ ಬೆಲೆಗೆ ಬರೋಣ. ಲೆಕ್ಕಕ್ಕಾಗಿ ಎರಡು ಕೊಟೇಶನ್ ಇಟ್ಟುಕೊಳ್ಳೋಣ. ಮೊದಲನೆಯದು 8 ಲಕ್ಷಕ್ಕೆ 20 ಸೀಟು, ಸೀಟಿಗೆ 40 ಸಾವಿರ ಬಿತ್ತು. ಎರಡನೆಯದು 9 ಲಕ್ಷಕ್ಕೆ 12 ಸೀಟು, ಸೀಟಿಗೆ 75 ಸಾವಿರ. ಮೇಲ್ನೋಟಕ್ಕೆ ಮೊದಲನೆಯದೇ ಲಾಭ. ಆದರೆ ಸರ್ವೆಯಲ್ಲಿ ಅದಕ್ಕೆ ಸಿಗುವುದು ಹತ್ತೇ ಸೀಟಾದರೆ ಸೀಟಿಗೆ 80 ಸಾವಿರ. ಅಗ್ಗದ ಬೋಟೇ ದುಬಾರಿಯಾಯಿತು! ಬ್ಯಾಂಕಿನ ಕಂತು 20 ಟಿಕೆಟಿನ ಆದಾಯದ ಮೇಲೆ ಲೆಕ್ಕ ಹಾಕಿದ್ದು, ಬೋಟು ಹೊರುವುದು ಹತ್ತು ಮಂದಿಯನ್ನು. ಮಿತಿ ಮೀರಿ ಜನರನ್ನು ಹತ್ತಿಸುವ ಒತ್ತಡ ಹುಟ್ಟುವುದು ಇಲ್ಲಿಂದಲೇ. ದುರಂತದ ಮರುದಿನ ನಾವು ಬೋಟು ನಡೆಸುವವನನ್ನು ಬೈಯುತ್ತೇವೆ. ಎಷ್ಟೋ ಬಾರಿ ತಪ್ಪು ಶುರುವಾಗುವುದು ಬೋಟು ಕೊಂಡ ದಿನ.

ಎರಡನೆಯದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಲ್ಲಿ ಸ್ವಂತ ವಿಹಾರ ಹಾಗೂ ಕ್ರೀಡೆಯ ದೋಣಿಗಳಿಗೆ ಶೇ. 40. ಜನರನ್ನು ಸಾಗಿಸುವ ಫೆರಿ ಮತ್ತು ವಿಹಾರಯಾನದ ಬೋಟುಗಳ ವರ್ಗಕ್ಕೆ ಶೇ. 5. ಹತ್ತು ಲಕ್ಷದ ಬೋಟಿಗೆ ಒಂದರಲ್ಲಿ 4 ಲಕ್ಷ, ಇನ್ನೊಂದರಲ್ಲಿ 50 ಸಾವಿರ. ವ್ಯತ್ಯಾಸ ಮೂರೂವರೆ ಲಕ್ಷ! ಆದ್ದರಿಂದ ಕೊಟೇಶನ್ನಿನಲ್ಲಿ ಯಾವ ಎಚ್‌ಎಸ್‌ಎನ್ ಸಂಖ್ಯೆ ಹಾಕಿದ್ದಾರೆಂದು ನೋಡಬೇಕು. 8903 ಎಂದರೆ ವಿಹಾರ ದೋಣಿ, 8901 ಎಂದರೆ ಪ್ರಯಾಣಿಕರ ಬೋಟು. ಟಿಕೆಟು ಕೊಟ್ಟು ಜನರನ್ನು ಒಯ್ಯುವ ಬೋಟಿಗೆ ಯಾವುದು ಸರಿಯೆಂದು ಲೆಕ್ಕಪರಿಶೋಧಕರಲ್ಲಿ ಮೊದಲೇ ಕೇಳಿ ಲಿಖಿತವಾಗಿ ಪಡೆಯಿರಿ. ಒಬ್ಬ ವ್ಯಾಪಾರಿ ತೆರಿಗೆ ಸೇರಿಸಿ, ಇನ್ನೊಬ್ಬ ತೆರಿಗೆ ಬಿಟ್ಟು ಹೇಳಿದ ಬೆಲೆಗಳನ್ನು ಅಕ್ಕಪಕ್ಕ ಇಟ್ಟರೆ ಅದು ಹೋಲಿಕೆಯೇ ಅಲ್ಲ.

ಮೂರನೆಯದು ಓಡಿಸುವ ಖರ್ಚು. ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನು ಪೂರ್ತಿ ವೇಗದಲ್ಲಿ 40 ಎಚ್‌ಪಿಗೆ ಗಂಟೆಗೆ ಸುಮಾರು 15 ಲೀಟರ್ ಕುಡಿಯುತ್ತದೆ. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಗಂಟೆಗೆ 1,500 ರೂ. ಮೀರಿತು. ನಿಧಾನಕ್ಕೆ ಓಡಿಸಿದರೆ ಇದು ಬಹಳ ಇಳಿಯುತ್ತದೆ. ವಿಹಾರಕ್ಕೆ ಬಂದವರಿಗೆ ಅವಸರವೂ ಇಲ್ಲ. ಹಾಗಾದರೆ ಅಷ್ಟು ದೊಡ್ಡ ಎಂಜಿನು ಬೇಕೇ ಎಂಬ ಪ್ರಶ್ನೆಯನ್ನೂ ಕೇಳಬೇಕು. 2017ರ ಜನವರಿಯಿಂದ ವೈಕಂ–ತವಣಕ್ಕಡವು ಮಾರ್ಗದಲ್ಲಿ ಸೇವೆಗಿಳಿದ 75 ಸೀಟಿನ 'ಆದಿತ್ಯ' ಸೌರಬೋಟೂ ಜೋಡಿ ಒಡಲಿನದ್ದೇ. ಕೊಳ್ಳುವಾಗ ಹೆಚ್ಚು ಹಣ, ಓಡಿಸುವಾಗ ಇಂಧನದ ಉಳಿತಾಯ ಎಂಬ ಲೆಕ್ಕಕ್ಕೆ ಅದು ಒಳ್ಳೆಯ ಉದಾಹರಣೆ.

ನಾಲ್ಕನೆಯದು ಉಪ್ಪು. ಅಲ್ಯೂಮಿನಿಯಂ ಗೊಳವೆಗೆ ಉಪ್ಪುನೀರಿನಲ್ಲಿ ತುಕ್ಕಿನಂಥದ್ದೇ ಸವೆತ ಬರುತ್ತದೆ. ಅದನ್ನು ತಡೆಯಲು ಗೊಳವೆಗೆ ಸತುವಿನ ತುಂಡುಗಳನ್ನು ಬಿಗಿಯುತ್ತಾರೆ. ಗೊಳವೆಯ ಬದಲು ಅವು ಸವೆಯುತ್ತವೆ, ಸವೆದಾಗ ಬದಲಾಯಿಸಬೇಕು. ತಾಮ್ರ ಬೆರೆತ ಬಣ್ಣ ಬಳಿದರೆ ಅಲ್ಯೂಮಿನಿಯಂ ಇನ್ನೂ ಬೇಗ ಹಾಳಾಗುತ್ತದೆ. ಫೈಬರ್ ಒಡಲಿಗೆ ಈ ತೊಂದರೆ ಇಲ್ಲವಾದರೂ ನೀರು ಒಳಸೇರಿ ಗುಳ್ಳೆ ಏಳುವುದುಂಟು. ಗೊಳವೆಯ ಒಳಗೆ ಅಡ್ಡಗೋಡೆ ಹಾಕಿ ಪ್ರತ್ಯೇಕ ಕೋಣೆ ಮಾಡಿದ್ದಾರೆಯೇ ಎಂದೂ ಕೇಳಿ. ಒಂದು ಕಡೆ ತೂತು ಬಿದ್ದರೂ ಉಳಿದ ಕೋಣೆಗಳು ತೇಲಿಸಬೇಕು.

ನಕ್ಷತ್ರಗಳನ್ನು ನಂಬುವುದೆಷ್ಟು?

ಬೋಟಿನ ಬಗ್ಗೆ ಪ್ರವಾಸಿಗರು ಬರೆಯುವ ಅಭಿಪ್ರಾಯಗಳನ್ನು ಓದಿ ನೋಡಿ. ಮೀನು ಪದಾರ್ಥ ಚೆನ್ನಾಗಿತ್ತು, ಸೂರ್ಯಾಸ್ತ ಚೆನ್ನಾಗಿತ್ತು ಎಂದಿರುತ್ತದೆ. ಒಡಲಿನ ಬೆಸುಗೆ ಹೇಗಿತ್ತೆಂದು ಯಾರೂ ಬರೆಯುವುದಿಲ್ಲ. ವ್ಯಾಪಾರಿಯ ಜಾಹೀರಾತಿನಲ್ಲಿರುವ ಹೊಗಳಿಕೆ ಬೋಟು ತಲುಪಿದ ವಾರದಲ್ಲಿ ಬರೆದದ್ದು. ಹಣ ಕೊಟ್ಟು ಬರೆಸಿದ ಸುಳ್ಳು ಅಭಿಪ್ರಾಯಗಳ ಕಾಟ ಎಷ್ಟಿದೆಯೆಂದರೆ 2022ರಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ಅಭಿಪ್ರಾಯಗಳಿಗಾಗಿಯೇ ಐಎಸ್ 19000 ಎಂಬ ಮಾನದಂಡ ಹೊರಡಿಸಿತು. 2024ರಲ್ಲಿ ಅಮೆರಿಕವೂ ಸುಳ್ಳು ಅಭಿಪ್ರಾಯಗಳ ಮಾರಾಟವನ್ನು ನಿಷೇಧಿಸಿತು.

ನಮ್ಮಲ್ಲಿ ನಂಬತಕ್ಕ ಅಭಿಪ್ರಾಯ ಸಿಗುವುದು ಕಡವಿನಲ್ಲಿ. ಅದೇ ಬೋಟನ್ನು ಎರಡು ಮಳೆಗಾಲ ಕಳೆದವರನ್ನು ಹುಡುಕಿ. ಮಾಲಕರಿಗಿಂತ ಮೊದಲು ಬೋಟು ನಡೆಸುವವರನ್ನು ಮಾತನಾಡಿಸಿ. ಗಾಳಿ ಎದುರಾದಾಗ ತಿರುಗುತ್ತದೆಯೇ? ಎಂಜಿನು ಕೆಟ್ಟಾಗ ಮೆಕ್ಯಾನಿಕ್ ಬರಲು ಎಷ್ಟು ದಿನ ಹಿಡಿಯಿತು? ಬಿಡಿಭಾಗ ಮಂಗಳೂರಿನಲ್ಲಿ ಸಿಗುತ್ತದೆಯೇ, ಕೊಚ್ಚಿಗೇ ಹೋಗಬೇಕೇ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಗಾದೆ ಇಲ್ಲಿ ತಿರುವುಮುರುವು. ಹಣ ಕೈಸೇರಿದ ಮೇಲೆ ವ್ಯಾಪಾರಿಗೇ ಅಂಬಿಗನ ಹಂಗಿಲ್ಲ!

ಕಾನೂನು, ಕಾಗದ, ಭಾಷೆ

1917ರ ಹಳೆಯ ಕಾಯಿದೆಯ ಬದಲು ಬಂದ ಒಳನಾಡು ಹಡಗುಗಳ ಕಾಯಿದೆ, 2021ರ ಪ್ರಕಾರ ಎಂಜಿನಿನಿಂದ ಓಡುವ ಬೋಟಿಗೆ ಸರ್ವೆ, ನೋಂದಣಿ, ವಿಮೆ, ಅರ್ಹ ಸಿಬ್ಬಂದಿ ಬೇಕು. ಒಂದು ರಾಜ್ಯದ ನೋಂದಣಿ ಇಡೀ ದೇಶಕ್ಕೆ ಸಲ್ಲುತ್ತದೆ. ಗಡಿನಾಡಿನವರಿಗೆ ಇದು ಉಪಕಾರವೇ. ಮಂಗಳೂರಿನ ಹಳೆಯ ಬೋಟು ಕೊಳ್ಳುವವರು ಅದರ ನೋಂದಣಿ ಮತ್ತು ಸರ್ವೆ ಪತ್ರ ನೋಡದೆ ಮುಂಗಡ ಕೊಡಬಾರದು. ಸರ್ವೆ ಆದ ಮೇಲೆ ಮೇಲೊಂದು ಅಂತಸ್ತು ಏರಿಸಿದರೆ, ಸೀಟು ಹೆಚ್ಚಿಸಿದರೆ ಆ ಪತ್ರಕ್ಕೆ ಬೆಲೆಯಿಲ್ಲ. ಕೇರಳದಲ್ಲಿ ಈ ವಿಷಯದಲ್ಲಿ ಕೇಳಬೇಕಾದದ್ದು ಮಾರಿಟೈಮ್ ಬೋರ್ಡಿನಲ್ಲಿ. ನಾವು ಓಡಿಸಲಿರುವ ಹೊಳೆಗೆ, ಅಳಿವೆಗೆ ಈ ಬೋಟು ನಡೆಯುತ್ತದೆಯೇ ಎಂಬುದನ್ನು ನಕ್ಷೆ ತೋರಿಸಿ ಮೊದಲೇ ವಿಚಾರಿಸುವುದು ಲೇಸು. ಕೊಂಡ ಮೇಲೆ ವಿಚಾರಿಸಿ ಫಲವಿಲ್ಲ.

ಬೋಟು ಕೆಟ್ಟದ್ದೆಂದು ಕಂಡರೆ ದೂರು ಎಲ್ಲಿ? 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವ್ಯಾಪಾರಿ ಮಂಗಳೂರಿನವನಿರಲಿ, ಕೊಚ್ಚಿಯವನಿರಲಿ, ಕಾಸರಗೋಡಿನಲ್ಲೇ ಕೇಸು ಹಾಕಲು ಅವಕಾಶವಿದೆ. ಕೊಟ್ಟ ಹಣ 50 ಲಕ್ಷ ರೂ. ವರೆಗೆ ಇದ್ದರೆ ಜಿಲ್ಲಾ ಆಯೋಗ ಸಾಕು. ವ್ಯಾಪಾರಕ್ಕಾಗಿ ಕೊಂಡವರಿಗೆ ಈ ಕಾಯಿದೆ ಸಲ್ಲದು, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರನ್ನು ಅದು ಗ್ರಾಹಕರೆಂದೇ ಒಪ್ಪುತ್ತದೆ. ದೂರಿಗೆ ಆಧಾರ ಬೇಕಲ್ಲ? ಬಾಯಿಮಾತಿನ ಭರವಸೆ ಸಾಲದು. ವ್ಯಾಸ, ಉದ್ದ, ಖಾಲಿ ತೂಕ, ಸರ್ವೆಯಲ್ಲಿ ಸಿಗುವ ಸೀಟು, ವಾರಂಟಿ ಎಲ್ಲವೂ ಕರಾರಿನಲ್ಲಿರಬೇಕು. 'ಸರ್ವೆಯಲ್ಲಿ ಇಷ್ಟು ಸೀಟು ಸಿಗದಿದ್ದರೆ ಹಣ ವಾಪಸ್' ಎಂಬ ಒಂದು ಸಾಲು ಬರೆಸಿಕೊಂಡರೆ ಅರ್ಧ ಗೆದ್ದಂತೆ.

ಕರಾರು ಇಂಗ್ಲಿಷಿನಲ್ಲಿ, ಅರ್ಜಿ ಮಲಯಾಳದಲ್ಲಿ, ನಮ್ಮ ಮಾತು ಕನ್ನಡ–ತುಳುವಿನಲ್ಲಿ. ಸಹಿ ಹಾಕುವ ಮುನ್ನ ಸಂಘದ ಸಭೆಯಲ್ಲಿ ಎರಡೂ ಬಲ್ಲ ಒಬ್ಬರು ಪ್ರತಿಯೊಂದು ಸಾಲನ್ನು ಕನ್ನಡದಲ್ಲಿ ಜೋರಾಗಿ ಓದಿ ಹೇಳಲಿ. ಸಾಲಕ್ಕೆ ಸಹಿ ಹಾಕುವ ಎಲ್ಲ ಅಕ್ಕಂದಿರಿಗೂ ಅರ್ಥವಾಗಲಿ.

ಬೋಟು ಬೇಡವೆಂದು ಹೇಳಲು ಇಷ್ಟೆಲ್ಲ ಬರೆದದ್ದಲ್ಲ. ಸರಿಯಾಗಿ ಕೊಂಡು ಸರಿಯಾಗಿ ನಡೆಸಿದರೆ ನಮ್ಮ ಹೊಳೆಗಳಲ್ಲಿ ಅನ್ನವಿದೆ. ಆದರೆ ಕೊಟೇಶನ್ನಿನ ಸೀಟಿಗೂ ಗೊಳವೆ ಹೊರುವ ಭಾರಕ್ಕೂ ನಡುವೆ ಹತ್ತು ಜನರ ಅಂತರವಿದ್ದರೆ, ಆ ಹತ್ತು ಮಂದಿ ಯಾರೆಂದು ಒಮ್ಮೆ ಯೋಚಿಸಬೇಕು. ಶಾಲೆಯ ಪ್ರವಾಸಕ್ಕೆ ಬಂದ ನಮ್ಮ ಮಕ್ಕಳೇ ಆಗಿರಬಹುದು.