ಕಾಫಿ ಚೀಲಕ್ಕೆ ಜಾಗವಿದೆ, ಮಗಳಿಗಿಲ್ಲವೆ?



ವರದಕ್ಷಿಣೆ ಕೇಳುವ ಗಂಡನ ಮನೆಯ ವಿರುದ್ಧ ನಾವು ಸಾಕಷ್ಟು ಮಾತಾಡಿದ್ದೇವೆ. ಕುಡಿದು ಬಂದು ಹೊಡೆಯುವವನ ವಿರುದ್ಧ, ದೂರು ಬರೆದುಕೊಳ್ಳದೆ "ರಾಜಿ ಮಾಡಿಕೊಳ್ಳಿ" ಎಂದು ಕಳಿಸುವ ಠಾಣೆಯ ವಿರುದ್ಧ ಘೋಷಣೆ ಕೂಗಿದ್ದೇವೆ. ಕೂಗಬೇಕಾದದ್ದೇ. ಆದರೆ ಇನ್ನೊಂದು ಮನೆಯಿದೆ. ಅದರ ವಿರುದ್ಧ ನಾವು ಯಾರೂ ಬಾಯಿ ಬಿಡುವುದಿಲ್ಲ, ಏಕೆಂದರೆ ಅದು ನಮ್ಮದೇ ಮನೆ. ಏಟು ತಿಂದ ಹೆಣ್ಣು ಮಕ್ಕಳ ಕೈ ಹಿಡಿದು ಬಸ್ಸು ಹತ್ತಿ ಬಂದು ನಿಲ್ಲುವುದು ಆ ಮನೆಯ ಅಂಗಳದಲ್ಲಿ. ತವರು ಅವಳಿಗೆ ಏನು ಕೊಡುತ್ತದೆ? ಒಂದು ಲೋಟ ಕಾಫಿ, ಎರಡು ಹನಿ ಕಣ್ಣೀರು, ವಾರ ಕಳೆದ ಮೇಲೆ ಹಿಂದಿರುಗಲು ಬಸ್ ಚಾರ್ಜು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಇಡೀ ದೇಶದಲ್ಲಿ ಹಿಂಸೆಗೆ ಒಳಗಾದ ಹೆಂಗಸರಲ್ಲಿ ಯಾರ ಸಹಾಯವನ್ನಾದರೂ ಕೇಳಿದವರು ನೂರಕ್ಕೆ ಸುಮಾರು 14 ಮಾತ್ರ. ಕೇಳಿದ ಆ ಕೆಲವರೂ ಹೆಚ್ಚಾಗಿ ಹೋದದ್ದು ಪೊಲೀಸರ ಬಳಿಗಲ್ಲ, ವಕೀಲರ ಬಳಿಗಲ್ಲ, ತವರಿನವರ ಬಳಿಗೆ. ಅಂದರೆ ಅವಳ ಮೊದಲ ಠಾಣೆಯೂ ಮೊದಲ ನ್ಯಾಯಾಲಯವೂ ನಮ್ಮ ಅಡಿಗೆಮನೆಯೇ. ಅಲ್ಲಿ ಕೊಡುವ ತೀರ್ಪಿನ ಮೇಲೆ ಅವಳ ಜೀವ ನಿಂತಿರುತ್ತದೆ.

ಆ ಕೋಣೆಯಲ್ಲಿ ಏನಿದೆ?

ಕೊಡಗಿನಲ್ಲಿ ಸ್ವಲ್ಪ ತೋಟವಿರುವ ಯಾವ ಮನೆಗೆ ಹೋದರೂ ಒಂದು ಕೋಣೆ ಇರುತ್ತದೆ. ಮಗಳು ಓದಿದ್ದು, ಮಲಗಿದ್ದು, ಮದುವೆಯ ದಿನ ಸೀರೆ ಉಟ್ಟದ್ದು ಅಲ್ಲಿ. ಅವಳು ಹೋದ ವರ್ಷವೇ ಕಾಫಿ ಚೀಲಗಳು ಬಂದು ಕೂರುತ್ತವೆ. ಒಣಗಿಸಿ ತುಂಬಿದ ರೊಬಸ್ಟಾ, ರೇಟು ಏರಲಿ ಎಂದು ಕಾದಿಟ್ಟ ಕರಿಮೆಣಸು, ಗೊಬ್ಬರ, ಔಷಧಿ ಹೊಡೆಯುವ ಪಂಪು, ಟಾರ್ಪಾಲು, ಕಾಲು ಮುರಿದ ಮಂಚ. ನಾನು ಕಾಫಿಯನ್ನು ದೂರುತ್ತಿಲ್ಲ, ಅದು ನಮ್ಮ ಅನ್ನ. ಆದರೆ ರೇಟು ಬರುವ ತನಕ ಚೀಲಕ್ಕೆ ಮಳೆ ತಾಗದಂತೆ, ಇಲಿ ಮುಟ್ಟದಂತೆ ಕಾಯುವ ಮನೆ, ನ್ಯಾಯ ಸಿಗುವ ತನಕ ಹೆತ್ತ ಮಗಳನ್ನು ಕಾಯಲು ಜಾಗವಿಲ್ಲ ಎಂದರೆ ಒಪ್ಪುವುದು ಹೇಗೆ?

ಜಾಗವಿಲ್ಲ ಎಂಬ ಮಾತು ಸುಳ್ಳೆಂದು ನಾವೇ ತೋರಿಸಿಕೊಟ್ಟಿದ್ದೇವೆ. 2018ರ ಆಗಸ್ಟ್ ತಿಂಗಳನ್ನು ನೆನೆಸಿಕೊಳ್ಳಿ. ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು, ಹಟ್ಟಿಹೊಳೆಯ ಕಡೆ ಗುಡ್ಡಗಳು ಜಾರಿ ಮನೆ, ತೋಟ, ರಸ್ತೆ ಕೊಚ್ಚಿಹೋದವು. ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ತಂಗಿದರು. ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲೇ ನೆಂಟರ ಮನೆ ಸೇರಿದವು. ಆಗ ರಾತ್ರೋರಾತ್ರಿ ಚೀಲಗಳನ್ನು ಜಗಲಿಗೆ ಹೊತ್ತು ಹಾಕಿ ಕೋಣೆ ಬಿಟ್ಟುಕೊಟ್ಟವರು ನಾವೇ ಅಲ್ಲವೆ? ಪುನರ್ವಸತಿಯ ಮನೆಗಳು ಕೈಗೆ ಬರಲು ತಿಂಗಳುಗಳಲ್ಲ, ವರ್ಷವೇ ಕಳೆಯಿತು. ಅಷ್ಟು ಕಾಲ ಒಂದೇ ಒಲೆಯಲ್ಲಿ ಎರಡು ಸಂಸಾರದ ಅನ್ನ ಬೆಂದ ಮನೆಗಳಿವೆ. ಆಗ ಯಾರೂ "ಜನ ಏನೆನ್ನುತ್ತಾರೆ" ಎನ್ನಲಿಲ್ಲ. "ಗುಡ್ಡದ ಜೊತೆ ಹೊಂದಿಕೊಂಡು ಹೋಗಿ" ಎಂದು ಯಾರನ್ನೂ ವಾಪಸು ಕಳಿಸಲಿಲ್ಲ.

ಗುಡ್ಡ ಮೈಮೇಲೆ ಬಿದ್ದರೆ ಅದು ವಿಪತ್ತು. ಗಂಡನ ಕೈ ಮೈಮೇಲೆ ಬಿದ್ದರೆ ಅದು ಸಂಸಾರ! ಇದು ಯಾವ ನ್ಯಾಯ?

ಚಾಪೆ ಹೇಳುವ ಮಾತು

ನನ್ನ ತಂಗಿಯ ಮದುವೆಯಲ್ಲಿ ವರದಕ್ಷಿಣೆಯ ಮಾತೇ ಇರಲಿಲ್ಲ. "ನಮ್ಮ ಕೊಡಗಿನಲ್ಲಿ ಆ ಪದ್ಧತಿ ಇಲ್ಲ" ಎಂದು ಎರಡೂ ಕಡೆಯ ಹಿರಿಯರು ಹೆಮ್ಮೆಪಟ್ಟುಕೊಂಡರು. ಕೊಟ್ಟದ್ದು ಚಿನ್ನ, ಮಂಟಪದ ಖರ್ಚು, "ಸಂತೋಷಕ್ಕೆ" ಒಂದು ಕಾರು. ಎರಡನೆಯ ವರ್ಷ ಅಳಿಯನ ವ್ಯಾಪಾರಕ್ಕೆ ಹಣ ಬೇಕಾಯಿತು. ಮೂರನೆಯ ವರ್ಷ ತೋಟದಲ್ಲಿ ಪಾಲು ಬೇಕಾಯಿತು. ಸಿಗದಾಗ ಏಟು ಶುರುವಾಯಿತು. ಹೆಸರು ಬದಲಿಸಿದರೆ ವಿಷ ಅಮೃತವಾಗುವುದಿಲ್ಲ. ಮದುವೆಯ ಸಂಬಂಧವಾಗಿ ಮೊದಲು ಕೇಳಿದರೂ, ಆಮೇಲೆ ಕೇಳಿದರೂ ಅದು ವರದಕ್ಷಿಣೆಯೇ ಎಂದು 1961ರ ಕಾಯ್ದೆ ಹೇಳುತ್ತದೆ.

ಹುತ್ತರಿಗೆ ಬಂದಾಗ ಒಮ್ಮೆ ಹೇಳಿಕೊಂಡಳು. ಹಬ್ಬ ಮುಗಿಸಿ ಕಳಿಸಿದರು. ಎರಡನೆಯ ಹೆರಿಗೆಗೆ ಬಂದಾಗ ಮತ್ತೆ ಹೇಳಿದಳು. "ಇನ್ನು ಸರಿಹೋಗುತ್ತಾನೆ" ಎಂದು ಕಳಿಸಿದರು. ಕೊನೆಗೆ ಕಕ್ಕಡದ ಮಳೆಯಲ್ಲಿ ಇಬ್ಬರು ಮಕ್ಕಳು, ಒಂದು ಬ್ಯಾಗು ಹಿಡಿದು ಬಂದಳು. ಸುದ್ದಿ ತಿಳಿದು ನಾನು ಹೋಗಿ ನೋಡಿದರೆ ಹಾಲಿನಲ್ಲಿ ಅವಳಿಗೆ ಚಾಪೆ ಹಾಸಿದ್ದರು. ಹಾಲಿನ ಚಾಪೆಯನ್ನು ಬೆಳಿಗ್ಗೆ ಸುತ್ತಿಡಬೇಕು. ಬಂದವರೆಲ್ಲ "ಯಾವಾಗ ಹೊರಡುವುದು?" ಎಂದು ಕೇಳುತ್ತಾರೆ. ಅಳುವುದಕ್ಕೆ ಮರೆಯಿಲ್ಲ. ಮಗುವಿನ ಪುಸ್ತಕಕ್ಕೆ ಗೂಡಿಲ್ಲ. ಯಾರೂ ಬಾಯಿಬಿಟ್ಟು "ಹೋಗು" ಎನ್ನಬೇಕಾಗಿಲ್ಲ. ಚಾಪೆಯೇ ಹೇಳುತ್ತದೆ.

ಕೋಣೆ ಖಾಲಿ ಮಾಡೋಣ ಎಂದೆ. "ಕೋಣೆ ಕೊಟ್ಟರೆ ಮಗಳು ಗಂಡನನ್ನು ಬಿಟ್ಟು ಬಂದಳು ಎಂದು ಊರಿಗೆ ಸಾರಿದ ಹಾಗೆ" ಎಂದರು ದೊಡ್ಡಪ್ಪ. ಅವರು ಹೇಳಿದ್ದು ನಿಜ. ಸಾರಬೇಕಾದದ್ದೂ ಅದನ್ನೇ. ನಾನು, ತಂಗಿ, ನಮ್ಮ ಸಂಘದ ಮೂವರು ಸೇರಿ ಅರ್ಧ ದಿನದಲ್ಲಿ ಮೂವತ್ತೆರಡು ಚೀಲಗಳನ್ನು ಜಗಲಿಗೆ ಸಾಗಿಸಿ ಟಾರ್ಪಾಲು ಹೊದಿಸಿದೆವು. ಗೋಡೆಯ ಬೂಷ್ಟು ಒರೆಸಿ, ಕೆಂಡ ಇಟ್ಟು ಕೋಣೆ ಒಣಗಿಸಿದೆವು. ಮಂಚಕ್ಕೆ ಕಾಲು ಕೊಡಿಸಿದೆವು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದೆವು. ಒಂದು ಟ್ರಂಕು ಇಟ್ಟು ಅದರ ಬೀಗದಕೈಯನ್ನು ಅವಳ ಕೈಗೇ ಕೊಟ್ಟೆವು. ಆ ರಾತ್ರಿ ಅವಳು ಚಿಲಕ ಹಾಕಿಕೊಂಡು ಮಲಗಿದಳು. ಬೆಳಿಗ್ಗೆ ಎದ್ದು ಆಡಿದ ಮೊದಲ ಮಾತು, "ಅಕ್ಕ, ದೂರು ಕೊಡಲು ಎಲ್ಲಿಗೆ ಹೋಗಬೇಕು?"

ಹೆಣ್ಣಿಗೆ ಧೈರ್ಯವಿಲ್ಲ ಎಂದು ಬೈಯುವವರು ಇದನ್ನು ತಿಳಿಯಬೇಕು. ನಾಳೆ ಎಲ್ಲಿ ಮಲಗುವುದು ಎಂದು ತಿಳಿಯದವಳಿಗೆ ಭಾಷಣ ಮಾಡಿ ಧೈರ್ಯ ತುಂಬಲಾಗದು.

ಅವರು ಹೇಳುವ ನೆಪಗಳು

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬುದು ಮೊದಲ ನೆಪ. ಈ ಗಾದೆ ಕಟ್ಟಿದವರು ನಮ್ಮ ಕೊಡವ ಮದುವೆಯ ಸಂಬಂಧ ಕೊಡುವ ಶಾಸ್ತ್ರವನ್ನು ನೋಡಲಿ. ಹೆಣ್ಣಿನ ಕಡೆಯ ಅರುವ ಗಂಡಿನ ಕಡೆಯ ಅರುವನ ಕೈಗೆ ಚಿನ್ನದ ಲೆಕ್ಕದಲ್ಲಿ ಸಣ್ಣ ಹರಳುಗಳನ್ನು ಕೊಡುತ್ತಾನೆ. ಹನ್ನೆರಡರಲ್ಲಿ ಹನ್ನೊಂದನ್ನು ಕೊಟ್ಟು ಒಂದನ್ನು ಉಳಿಸಿಕೊಳ್ಳುವುದು ಪದ್ಧತಿ. ಆ ಒಂದು ಹರಳು ತವರಿನಲ್ಲಿ ಅವಳಿಗೆ ಉಳಿದ ಹಕ್ಕಿನ ಗುರುತು. ಶಾಸ್ತ್ರವನ್ನು ವಿಡಿಯೋ ಮಾಡಿಸುತ್ತೇವೆ, ಒಕ್ಕದ ಹೆಮ್ಮೆ ಎನ್ನುತ್ತೇವೆ. ಆ ಹರಳನ್ನು ಕೇಳಿಕೊಂಡು ಮಗಳು ಬಂದಾಗ ಮಾತ್ರ ಕೋಣೆಯ ಬೀಗ ಕಾಣೆಯಾಗುತ್ತದೆ!

"ಮಗನಿಗೆ ಮದುವೆಯಾಗಬೇಕು, ಆ ಕೋಣೆ ಬರುವ ಸೊಸೆಗೆ" ಎಂಬುದು ಎರಡನೆಯ ನೆಪ. ಬರುವ ಸೊಸೆಯೂ ಒಂದು ಮನೆಯ ಮಗಳೇ. ಅವಳ ತವರಿನ ಕೋಣೆಗೂ ಚೀಲಗಳು ಬಂದು ಕೂರುತ್ತವೆ. ನಾದಿನಿಗೆ ಜಾಗ ಕೊಟ್ಟ ಮನೆಯಲ್ಲಿ ನಾಳೆ ತನಗೂ ಬೆಲೆಯಿರುತ್ತದೆ ಎಂದು ಅತ್ತಿಗೆ ತಿಳಿಯಬೇಕು. ಇಬ್ಬರು ಹೆಂಗಸರನ್ನು ಒಂದು ಕೋಣೆಗಾಗಿ ಕಾದಾಡಲು ಬಿಟ್ಟು ಗಂಡಸರು ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕುವುದು ಇನ್ನು ಸಾಕು.

"ಮನೆ ಬಿಟ್ಟು ಬಂದರೆ ಗಂಡನ ಮನೆಯ ಹಕ್ಕು ಹೋಗುತ್ತದೆ" ಎಂಬುದು ಮೂರನೆಯದು. ಇದು ಅಪ್ಪಟ ಸುಳ್ಳು. ಈ ಸುಳ್ಳಿಗೆ ಹೆದರಿ ಎಷ್ಟೋ ಹೆಂಗಸರು ಸಾಯುವ ತನಕ ಅಲ್ಲೇ ಇದ್ದರು. ಹಾಗಾದರೆ ಕಾನೂನು ಏನು ಹೇಳುತ್ತದೆ?

2005ರಲ್ಲಿ ಪಾಸಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತದೆ. ಒಡೆತನ ಯಾರ ಹೆಸರಿನಲ್ಲಿದ್ದರೂ ಹೆಣ್ಣಿಗೆ ತಾನು ಸಂಸಾರ ಮಾಡಿದ ಮನೆಯಲ್ಲಿ ವಾಸದ ಹಕ್ಕಿದೆ. ಮನೆ ಅತ್ತೆ-ಮಾವನದಾಗಿದ್ದರೂ ಆ ಹಕ್ಕು ಕೇಳಬಹುದು ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇನ್ನೊಂದು ಮಾತು ಹೆಚ್ಚಿನವರಿಗೆ ಗೊತ್ತಿಲ್ಲ. ಈ ಕಾಯ್ದೆ ಗಂಡ-ಹೆಂಡಿರಿಗೆ ಮಾತ್ರ ಸೀಮಿತವಲ್ಲ, ರಕ್ತಸಂಬಂಧಕ್ಕೂ ಅನ್ವಯಿಸುತ್ತದೆ. ಮಗಳನ್ನು, ಅಕ್ಕತಂಗಿಯರನ್ನು ಹಿಂಸಿಸಿ ತವರಿನಿಂದ ಹೊರದಬ್ಬಿದರೆ ಅಣ್ಣತಮ್ಮಂದಿರ ಮೇಲೂ ದೂರು ಕೊಡಬಹುದು.

ದೂರು ಕೊಡಲು ಗಂಡನ ಊರಿಗೇ ಓಡಬೇಕಾಗಿಲ್ಲ. ಆಶ್ರಯ ಪಡೆದ ಊರಿನಲ್ಲಿಯೇ ಕ್ರೌರ್ಯದ ಕೇಸು ಹಾಕಬಹುದು ಎಂದು 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಹಿಂದೆ 498ಎ ಎನ್ನುತ್ತಿದ್ದ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಂ ಆಗಿದೆ. ಹೀಗಾಗಿ ನಾವು ಖಾಲಿ ಮಾಡುವ ಕೋಣೆ ಮಲಗುವ ಜಾಗ ಮಾತ್ರವಲ್ಲ, ಅವಳು ನಿಂತು ಹೋರಾಡುವ ನೆಲ.

ಹಿಂದೂ ಕುಟುಂಬಗಳಲ್ಲಿ ಆ ಕೋಣೆ ದಾನವೂ ಅಲ್ಲ. 1956ರ ಉತ್ತರಾಧಿಕಾರ ಕಾಯ್ದೆ ಮದುವೆಯಾಗದ, ಗಂಡ ಬಿಟ್ಟ, ಬೇರೆಯಾದ, ವಿಧವೆಯಾದ ಮಗಳಿಗೆ ಮಾತ್ರ ತವರಿನಲ್ಲಿ ವಾಸದ ಹಕ್ಕು ಕೊಟ್ಟಿತ್ತು. ಗಂಡುಮಕ್ಕಳು ಪಾಲು ಮಾಡಿಕೊಳ್ಳುವ ತನಕ ಅವಳು ಮನೆಯಲ್ಲಿ ಪಾಲು ಕೇಳುವಂತಿರಲಿಲ್ಲ. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಪಾಲು ಕೊಟ್ಟರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಈ ಭೇದಗಳು ಹೋದವು. ಮಗಳ ಪಾಲು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿತು. ಜಮ್ಮಾ ಬಾಣೆಯಂಥ ಹಿಡುವಳಿಗಳಲ್ಲಿ ತೊಡಕುಗಳಿವೆ, ಅದಕ್ಕೆ ವಕೀಲರನ್ನು ಕೇಳಬೇಕು.

ಕೋಣೆಯೇ ಇಲ್ಲದವರು

ಇಷ್ಟೆಲ್ಲ ಹೇಳಿದ್ದು ತೋಟವಿರುವವರ ಮಾತಾಯಿತು. ಅದೇ ತೋಟದ ಲೈನ್ ಮನೆಯಲ್ಲಿರುವ ಹೆಂಗಸಿನ ಗತಿ ಏನು? ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಐದಾರು ಜನ. ಆ ಮನೆಯೂ ಕೆಲಸದ ಜೊತೆಗೆ ಬಂದದ್ದು. ಲೈನು ಗಂಡನ ಹೆಸರಿನಲ್ಲಿದ್ದರೆ ಅವನನ್ನು ಬಿಟ್ಟ ದಿನ ಸೂರೂ ಹೋಯಿತು, ಕೂಲಿಯೂ ಹೋಯಿತು. ಎರವರ, ಕುರುಬರ ಹಾಡಿಯಲ್ಲೂ ಮಗಳಿಗೆ ಬಿಡಲು ಖಾಲಿ ಕೋಣೆ ಎಲ್ಲಿಂದ ಬರಬೇಕು? ನಮ್ಮ ಸಂಘಗಳಲ್ಲಿ ತೋಟದ ಯಜಮಾನಿತಿಯರೂ ಇದ್ದಾರೆ, ಕೂಲಿ ಮಾಡುವವರೂ ಇದ್ದಾರೆ. ಯಜಮಾನಿತಿಯರನ್ನು ಕೇಳುತ್ತೇನೆ: ಲೈನ್ ಮನೆಯನ್ನು ಹೆಂಗಸಿನ ಹೆಸರಿಗೆ ಬರೆಸಲು ಏನು ಅಡ್ಡಿ? ಹೊಡೆದವನು ಹೊರಗೆ ಹೋಗಲಿ, ಏಟು ತಿಂದವಳು ಒಳಗಿರಲಿ.

ಸಂಘ ಏನು ಮಾಡಬೇಕು?

ಈ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದದ್ದು 2000–01ರಲ್ಲಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವಾರವಾರ ಉಳಿತಾಯ ಕಟ್ಟಿ ನಾವು ಲೆಕ್ಕ ಕಲಿತಿದ್ದೇವೆ. ಈಗ ಇನ್ನೊಂದು ಲೆಕ್ಕ ಹಾಕೋಣ. ಮುಂದಿನ ಸಭೆಯಲ್ಲಿ ಪ್ರತಿ ಸದಸ್ಯೆಯನ್ನೂ ಕೇಳಿ: ನಿಮ್ಮ ಮಗಳು ಇಂದು ರಾತ್ರಿ ಬಂದರೆ ಎಲ್ಲಿ ಮಲಗುತ್ತಾಳೆ? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ. ಕೋಣೆಯಿದ್ದವರು ಅದನ್ನು ಈಗಲೇ ಖಾಲಿ ಮಾಡಲಿ, ಏಟು ಬಿದ್ದ ಮೇಲಲ್ಲ. ಇಲ್ಲದವರ ಮಗಳಿಗೆ ಯಾರ ಮನೆಯಲ್ಲಿ ಜಾಗ ಎಂಬುದನ್ನು ಮೊದಲೇ ಗೊತ್ತುಮಾಡಿ.

ಬಂದವಳಿಗೆ ಮೊದಲ ಮೂರು ತಿಂಗಳು ಸಂಘದಿಂದ ಆಂತರಿಕ ಸಾಲ ಕೊಡಿ. ಆಧಾರ್, ಬ್ಯಾಂಕ್ ಪುಸ್ತಕ, ಮದುವೆಯ ಕಾಗದಪತ್ರ, ಫೋಟೋಗಳು ಅವಳ ಟ್ರಂಕಿನಲ್ಲಿರಲಿ. ಟಿ.ಸಿ. ತಡವಾಯಿತೆಂದು ಮಕ್ಕಳನ್ನು ಶಾಲೆಗೆ ಸೇರಿಸದಿರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದು ಸ್ಪಷ್ಟವಾಗಿದೆ. ವರದಕ್ಷಿಣೆಯಾಗಿ ಹೋದದ್ದನ್ನು ಮೂರು ತಿಂಗಳೊಳಗೆ ಅವಳಿಗೆ ಹಿಂತಿರುಗಿಸಬೇಕೆಂದು ವರದಕ್ಷಿಣೆ ಕಾಯ್ದೆಯ 6ನೆಯ ಕಲಂ ಹೇಳುತ್ತದೆ. ಪಟ್ಟಿ ಮಾಡಿ ಕೇಳಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಅದರ ದೂರವಾಣಿ 15100. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಠಾಣೆಗೆ ಅವಳೊಬ್ಬಳನ್ನೇ ಕಳಿಸಬೇಡಿ, ಐವರು ಹೋಗಿ.

ಮದುವೆಗೆ ಲಕ್ಷಗಟ್ಟಲೆ ಸುರಿಯುವ ಅಪ್ಪ-ಅಮ್ಮಂದಿರಿಗೆ ಒಂದೇ ಮಾತು. ಕಾರು ಬೇಡ, ಮಂಟಪದ ಹೂವಿನ ಅಲಂಕಾರ ಬೇಡ. ಮಗಳನ್ನು ಕಳಿಸುವಾಗ ಅವಳ ಕೋಣೆಯ ಬೀಗದಕೈಯನ್ನು ಅವಳ ಸೆರಗಿಗೆ ಕಟ್ಟಿ ಕಳಿಸಿ. ಹಿಂದೆ ಬರಲು ದಾರಿಯಿರುವ ಹೆಣ್ಣಿನ ಮೇಲೆ ಕೈ ಎತ್ತುವ ಮುನ್ನ ಯಾವ ಗಂಡನೂ ಎರಡು ಸಲ ಯೋಚಿಸುತ್ತಾನೆ.