ಮೇಷ್ಟರನ್ನು ಗೇಲಿ ಮಾಡುವ ಹಬ್ಬ

1906ರ ಡಿಸೆಂಬರ್ 24ರಂದು ನ್ಯೂಯಾರ್ಕಿನ ಯೆಹೂದಿ ಕೇರಿಗಳ ಸರಕಾರಿ ಶಾಲೆಗಳು ಭಣಗುಟ್ಟುತ್ತಿದ್ದವು. ಸಾವಿರಾರು ತಂದೆತಾಯಂದಿರು ಅಂದು ಬೇಕೆಂದೇ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಂಡಿದ್ದರು. ಶಾಲೆಗಳಲ್ಲಿ ನಡೆಯುತ್ತಿದ್ದ ಕ್ರಿಸ್‌ಮಸ್ ಆಚರಣೆಗೆ ಅದು ಅವರ ಪ್ರತಿಭಟನೆ. ಹಿಂದಿನ ವರ್ಷ ಬ್ರೂಕ್ಲಿನ್ನಿನ ಒಂದು ಶಾಲೆಯ ಮುಖ್ಯೋಪಾಧ್ಯಾಯರು, ಹೆಚ್ಚುಕಡಿಮೆ ಯೆಹೂದಿ ಮಕ್ಕಳೇ ತುಂಬಿದ್ದ ಸಭೆಯಲ್ಲಿ ನೀವೆಲ್ಲ ಕ್ರಿಸ್ತನಂತಾಗಬೇಕು ಎಂದು ಉಪದೇಶ ಮಾಡಿದ್ದರು. ಅಲ್ಲಿಂದ ಹೊತ್ತಿಕೊಂಡ ಕಿಡಿ ಅದು. ನಮ್ಮ ಮಕ್ಕಳಿಗೆ ಗಣಿತ ಕಲಿಸಿ, ಇಂಗ್ಲಿಷ್ ಕಲಿಸಿ, ನಿಮ್ಮ ಹಬ್ಬ ಕಲಿಸಬೇಡಿ ಎನ್ನುವುದು ಪಾಲಕರ ಮಾತು. ನ್ಯಾಯವಾದ ಮಾತೇ.

ಆದರೆ ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಸಮುದಾಯದವರು ಹಬ್ಬವನ್ನೇ ವರ್ಷದ ಬೆನ್ನೆಲುಬಾಗಿ ಮಾಡಿಕೊಂಡ ಶಾಲೆಗಳನ್ನು ಕಟ್ಟತೊಡಗಿದರು. ಯೆಹೂದಿ ಧರ್ಮಗುರು (ರಬ್ಬಿ) ಜೋಸೆಫ್ ಸೊಲೊವೈಚಿಕ್ ಬಾಸ್ಟನ್‌ನಲ್ಲಿ ಮೈಮೊನಿಡೀಸ್ ಶಾಲೆ ತೆರೆದದ್ದು 1937ರಲ್ಲಿ. ಮ್ಯಾನ್‌ಹಟನ್ನಿನ ರಾಮಾಜ್ ಶಾಲೆಯೂ ಅದೇ ವರ್ಷದ್ದು. ಎರಡೂ ಮುಂದೆ ಹೈಸ್ಕೂಲಿನವರೆಗೆ ಬೆಳೆದವು. ಬೇರೆಯವರ ಹಬ್ಬ ಶಾಲೆಯೊಳಗೆ ಬರಬಾರದು, ನಮ್ಮದು ಬರಬಹುದು ಎಂದರೆ ಇಬ್ಬಗೆಯ ನೀತಿಯಲ್ಲವೇ ಎಂದು ಯಾರಾದರೂ ಕೇಳಿಯಾರು. ಸರಕಾರದ ಶಾಲೆಗೂ ಸಮುದಾಯ ತನ್ನ ಕೈಯಿಂದ ದುಡ್ಡು ಹಾಕಿ ಕಟ್ಟಿದ ಶಾಲೆಗೂ ವ್ಯತ್ಯಾಸವಿದೆ ಎಂದು ಕಾನೂನಿನ ಉತ್ತರ ಕೊಟ್ಟು ಮುಗಿಸಬಹುದು. ಆದರೆ ಶಿಕ್ಷಣದ ಪ್ರಶ್ನೆ ಅಷ್ಟಕ್ಕೆ ಮುಗಿಯುವುದಿಲ್ಲ. ಶಾಲೆಯಲ್ಲಿ ಹಬ್ಬ ಮಾಡುವುದರಿಂದ ಮಗು ಏನನ್ನಾದರೂ ಕಲಿಯುತ್ತದೆಯೇ? ಅಥವಾ ಅದು ಪಾಠದ ಹೊತ್ತನ್ನು ತಿನ್ನುವ ಗದ್ದಲವೇ?

ಇಂಥ ಹೈಸ್ಕೂಲಿನಲ್ಲಿ ಪಾಠದ ಹೊತ್ತು ಮೊದಲೇ ತತ್ವಾರ. ದಿನದ ಒಂದು ಪಾಲು ಬೈಬಲ್ಲಿನ ಹೀಬ್ರೂ ಗ್ರಂಥಗಳು, ಪಂಡಿತರ ವಾದವಿವಾದಗಳ ಗ್ರಂಥವಾದ ತಾಲ್ಮುಡ್, ಹೀಬ್ರೂ ಭಾಷೆ. ಇನ್ನೊಂದು ಪಾಲು ಉಳಿದ ಅಮೆರಿಕನ್ ಮಕ್ಕಳು ಓದುವ ಬೀಜಗಣಿತ, ಭೌತಶಾಸ್ತ್ರ, ಸಾಹಿತ್ಯ, ಇತಿಹಾಸ. ಬೆಳಗಿನ ಪ್ರಾರ್ಥನೆಗೆ ಬಂದ ಮಕ್ಕಳು ಮನೆ ಸೇರುವಾಗ ಸಂಜೆ. ಚಳಿಗಾಲದ ಶುಕ್ರವಾರ ನಾಲ್ಕೂವರೆಗೆಲ್ಲ ಕತ್ತಲಾಗಿ ಯೆಹೂದಿಗಳ ವಾರದ ವಿಶ್ರಾಂತಿಯ ದಿನ ಶಬ್ಬಾತ್ ಶುರುವಾಗುವುದರಿಂದ ಅಂದು ಮಧ್ಯಾಹ್ನವೇ ಗಂಟೆ ಹೊಡೆಯಬೇಕು. ಪಂಚಾಂಗವೂ ಅವರದೇ. ನಮ್ಮಂತೆ ಚಾಂದ್ರಮಾಸ ಎಣಿಸಿ ಸೂರ್ಯನಿಗೆ ಸರಿಹೊಂದಿಸುವವರು ಅವರು. ಹತ್ತೊಂಬತ್ತು ವರ್ಷದಲ್ಲಿ ಏಳು ಸಲ ಅವರಿಗೂ ಅಧಿಕಮಾಸ ಬರುತ್ತದೆ. ಹೊಸ ಶೈಕ್ಷಣಿಕ ವರ್ಷ ಶುರುವಾಗಿ ಮಕ್ಕಳು ಸರಿಯಾಗಿ ಬೆಂಚಿಗೆ ಅಂಟಿಕೊಳ್ಳುವ ಮೊದಲೇ ರೋಷ್ ಹಶಾನಾ, ಯೋಮ್ ಕಿಪ್ಪುರ್, ಸುಕ್ಕೋತ್ ಹಬ್ಬಗಳು ಒಂದರ ಹಿಂದೊಂದು ಬಂದು ಸೆಪ್ಟೆಂಬರ್, ಅಕ್ಟೋಬರನ್ನು ನುಂಗುತ್ತವೆ. ಭೌತಶಾಸ್ತ್ರದ ಮೇಷ್ಟರು ಮೂಗು ಮುರಿದರೆ ಆಶ್ಚರ್ಯವಿಲ್ಲ. ಪಾಲಕರು ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಶುಲ್ಕ ತೆತ್ತಿರುತ್ತಾರೆ ಬೇರೆ.

ಹಬ್ಬದ ಪರವಾಗಿ ಸಾಮಾನ್ಯವಾಗಿ ಹೇಳುವ ಮಾತೆಂದರೆ ಸಂಸ್ಕೃತಿ ಉಳಿಯಬೇಕು, ಮಕ್ಕಳಿಗೆ ಬೇರು ಗೊತ್ತಿರಬೇಕು ಎನ್ನುವುದು. ಈ ವಾದ ನನಗೆ ಸೋಮಾರಿ ವಾದವೆನಿಸುತ್ತದೆ. ಬೇರು ತೋರಿಸಲು ವರ್ಷಕ್ಕೊಂದು ಸಲ ವೇಷ ಹಾಕಿಸಿ ವೇದಿಕೆ ಹತ್ತಿಸಿದರೆ ಸಾಕೆಂದು ನಂಬಿದವರೂ ಇದನ್ನೇ ಹೇಳುತ್ತಾರೆ. ನನ್ನ ಅಳತೆಗೋಲು ಬೇರೆ. ಹಬ್ಬದ ಭಾರವನ್ನು ಹೊತ್ತವರು ಯಾರು, ಅದರಲ್ಲಿ ತಪ್ಪಿದರೆ ತಿದ್ದಿಸಿಕೊಳ್ಳಬೇಕಾದವರು ಯಾರು, ಅದನ್ನು ಪ್ರಶ್ನಿಸುವ ಹಕ್ಕು ಯಾರಿಗಿದೆ? ಮೂರಕ್ಕೂ ವಿದ್ಯಾರ್ಥಿ ಎಂಬ ಉತ್ತರ ಬಂದರೆ ಆ ಹಬ್ಬ ಪಾಠವೇ. ಇಲ್ಲವಾದರೆ ಅದು ಕಾಟಾಚಾರ.

ಈ ಪರೀಕ್ಷೆಗೆ ಪೂರಿಮ್‌ನಷ್ಟು ಒಳ್ಳೆಯ ಹಬ್ಬವಿಲ್ಲ. ಹೊರಗಿನವರಿಗೆ ಹೆಚ್ಚು ಪರಿಚಯವಿರುವುದು ಹನುಕ್ಕಾ. ಧಾರ್ಮಿಕ ಲೆಕ್ಕದಲ್ಲಿ ಅದು ಸಣ್ಣ ಹಬ್ಬ, ಅಮೆರಿಕದಲ್ಲಿ ಕ್ರಿಸ್‌ಮಸ್‌ಗೆ ಪೈಪೋಟಿಯಾಗಿ ಊದಿಕೊಂಡದ್ದು. ಪೂರಿಮ್ ಅದಾರ್ ತಿಂಗಳ ಹದಿನಾಲ್ಕಕ್ಕೆ, ಅಂದರೆ ಫೆಬ್ರವರಿ ಕೊನೆ ಇಲ್ಲವೇ ಮಾರ್ಚ್ ಹೊತ್ತಿಗೆ ಬರುತ್ತದೆ. ಪರ್ಷಿಯದ ಮಂತ್ರಿ ಹಾಮಾನ್ ಯೆಹೂದಿಗಳನ್ನೆಲ್ಲ ಮುಗಿಸಲು ಹೊಂಚು ಹಾಕಿದ್ದು, ರಾಣಿ ಎಸ್ತೇರ್ ಅದನ್ನು ತಪ್ಪಿಸಿದ್ದು ಇದರ ಕಥೆ. ಇಡೀ ಎಸ್ತೇರ್ ಗ್ರಂಥದಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ ಎನ್ನುವುದು ಅದರ ಸೊಗಸು. ಹಬ್ಬದ ರಾತ್ರಿ ಆ ಗ್ರಂಥವನ್ನು ಚರ್ಮದ ಸುರುಳಿಯಿಂದ ಎಲ್ಲರೆದುರು ರಾಗವಾಗಿ ಓದಬೇಕು.

ಓದುವ ಹುಡುಗನ ಅಥವಾ ಹುಡುಗಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸುರುಳಿಯಲ್ಲಿರುವುದು ಬರೀ ವ್ಯಂಜನಗಳು. ಸ್ವರಗಳ ಗುರುತಿಲ್ಲ, ರಾಗದ ಚಿಹ್ನೆಯಿಲ್ಲ, ವಾಕ್ಯ ಎಲ್ಲಿ ನಿಂತಿತೆಂದು ತಿಳಿಸುವ ಚುಕ್ಕೆಯೂ ಇಲ್ಲ. ಅವೆಲ್ಲ ಅಚ್ಚಾದ ಪುಸ್ತಕದಲ್ಲಿರುತ್ತವೆ. ಅಲ್ಲಿ ನೋಡಿ ವಾರಗಟ್ಟಲೆ ಬಾಯಿಪಾಠ ಮಾಡಿಕೊಂಡು, ಬೋಳು ಅಕ್ಷರದ ಸುರುಳಿಯ ಮುಂದೆ ನಿಲ್ಲಬೇಕು. ಹಾಮಾನನ ಹತ್ತು ಗಂಡುಮಕ್ಕಳ ಹೆಸರನ್ನು ಒಂದೇ ಉಸಿರಿಗೆ ಹೇಳಬೇಕು. ಹಾಮಾನ್ ಎಂಬ ಹೆಸರು ಬಂದಾಗಲೆಲ್ಲ ಸಭೆ ಗಿರಗಿಟ್ಟೆ ತಿರುಗಿಸಿ, ಕಾಲು ಕುಟ್ಟಿ ಗಲಾಟೆ ಎಬ್ಬಿಸುತ್ತದೆ. ಆ ಗಲಾಟೆ ಅಡಗುವವರೆಗೆ ಕಾದು, ಬಿಟ್ಟ ಜಾಗದಿಂದಲೇ ಮತ್ತೆ ಹಿಡಿಯಬೇಕು. ಅರ್ಥ ಕೆಡುವಂತೆ ಒಂದು ಪದ ತಪ್ಪಿದರೂ ಕೇಳುವವರಲ್ಲೊಬ್ಬರು ತಕ್ಷಣ ತಿದ್ದುತ್ತಾರೆ, ಓದುವವರು ಹಿಂದಕ್ಕೆ ಹೋಗಿ ಸರಿಯಾಗಿ ಹೇಳಿ ಮುಂದುವರಿಯಬೇಕು. ಹದಿನಾರು ವರ್ಷದವರಿಗೆ ನೂರಾರು ಜನರೆದುರು ತಪ್ಪಿ, ತಿದ್ದಿಸಿಕೊಂಡು, ಕುಗ್ಗದೆ ಮುಂದುವರಿಯುವುದನ್ನು ಕಲಿಸುವ ಪಠ್ಯಕ್ರಮ ಬೇರೆ ಯಾವುದಿದೆ? ಅನೇಕ ಸಾಂಪ್ರದಾಯಿಕ ಸಿನಗಾಗ್‌ಗಳಲ್ಲಿ ಗಂಡಸರದೇ ಆಗಿರುವ ಈ ಓದನ್ನು ಕೆಲವು ಹೈಸ್ಕೂಲುಗಳಲ್ಲಿ ಹುಡುಗಿಯರು ಹುಡುಗಿಯರಿಗಾಗಿ ನಡೆಸುತ್ತಾರೆ. ಮನೆ ಮತ್ತು ದೇಗುಲಕ್ಕಿಂತ ಶಾಲೆ ಒಂದು ಹೆಜ್ಜೆ ಮುಂದಿಟ್ಟ ಉದಾಹರಣೆಯಿದು.

ಓದು ಮುಗಿದ ಮೇಲೆ ಶುರುವಾಗುವುದು ಇನ್ನೊಂದು ಪಾಠ. ಮಕ್ಕಳು ತಾವೇ ಬರೆದ ಪ್ರಹಸನ ಆಡುತ್ತಾರೆ. ಪ್ರಾಂಶುಪಾಲರ ನಡಿಗೆ, ರಬ್ಬಿಯ ಕೆಮ್ಮು, ಗಣಿತದ ಟೀಚರ್ ಸಿಟ್ಟು ಬಂದಾಗ ಕನ್ನಡಕ ಎತ್ತುವ ರೀತಿ, ಎಲ್ಲವೂ ರಂಗದ ಮೇಲೆ. ಗೇಲಿಗೊಳಗಾದವರು ಮುಂದಿನ ಸಾಲಿನಲ್ಲೇ ಕೂತು ಹೊಟ್ಟೆ ಹಿಡಿದು ನಗಬೇಕು, ನಗು ಬರದಿದ್ದರೂ. ತಾಲ್ಮುಡ್ಡಿನ ವಾದದ ಧಾಟಿಯನ್ನೇ ಅಣಕಿಸಿ ಹಾಸ್ಯಪ್ರವಚನ ಬರೆಯುವ ಹಳೆಯ ಸಂಪ್ರದಾಯವೂ ಇದೆ. ಕ್ಯಾಂಟೀನಿನ ಪಿಜ್ಜಾ ತಿನ್ನುವುದು ವಿಹಿತವೇ ನಿಷಿದ್ಧವೇ ಎಂಬುದಕ್ಕೆ ಮೂರು ಪಂಡಿತರ ಮತ, ಆಕ್ಷೇಪ, ಸಮಾಧಾನ, ಎಲ್ಲವನ್ನೂ ಗಂಭೀರ ಮುಖದಲ್ಲಿ ಕಟ್ಟಬಹುದು. ಅದು ಬರೆಯಲು ಬರಬೇಕಾದರೆ ಅಸಲಿ ತಾಲ್ಮುಡ್ ಚೆನ್ನಾಗಿ ಬರಬೇಕು. ಅರ್ಧಂಬರ್ಧ ಓದಿದವನ ಅಣಕಕ್ಕೆ ಯಾರೂ ನಗುವುದಿಲ್ಲ.

ಇಲ್ಲೊಂದು ಆಕ್ಷೇಪವಿದೆ, ತಳ್ಳಿಹಾಕುವಂಥದ್ದಲ್ಲ. ಜಾತ್ರೆ, ಕಾರ್ನಿವಲ್‌ಗಳ ನಗುವಿನಲ್ಲಿ ಅಧಿಕಾರವನ್ನು ತಲೆಕೆಳಗು ಮಾಡುವ ಶಕ್ತಿ ಕಂಡವನು ರಷ್ಯಾದ ಚಿಂತಕ ಬಖ್ತಿನ್. ಅವನ ಟೀಕಾಕಾರರು ತಿರುಗಿ ಕೇಳಿದ್ದು, ಅಪ್ಪಣೆ ಪಡೆದು ಮಾಡುವ ಬಂಡಾಯ ಯಾವ ಸೀಮೆ ಬಂಡಾಯ ಎಂದು. ಒಂದು ದಿನ ನಗಲು ಬಿಟ್ಟರೆ ಉಳಿದ ದಿನ ಬಾಯಿ ಮುಚ್ಚಿಕೊಂಡಿರುತ್ತಾರೆ ಎಂಬ ಲೆಕ್ಕ ಆಳುವವರದು. ಪ್ರಹಸನವನ್ನು ಶಿಕ್ಷಕರಿಗೆ ಮೊದಲೇ ತೋರಿಸಿರಬೇಕೆಂದು ಶಾಲೆ ವಿಧಿಸಿದರಂತೂ ಈ ಮಾತಿಗೆ ಬಲ ಬರುತ್ತದೆ. ನಾನು ಅರ್ಧ ಒಪ್ಪುತ್ತೇನೆ. ಅರಮನೆಯ ವಿಷಯದಲ್ಲಿ ಅದು ನಿಜವಿರಬಹುದು. ಶಾಲೆಯ ವಿಷಯ ಬೇರೆ, ಏಕೆಂದರೆ ಶಾಲೆಯ ಉದ್ದೇಶವೇ ಈ ಮಕ್ಕಳು ಮುಂದೆ ಶಾಲೆಯನ್ನು ಮೀರಿ ಹೋಗುವುದು. ಗೇಲಿ ಮಾಡಬೇಕು, ಗಾಯ ಮಾಡಬಾರದು ಎಂಬ ಗೆರೆಯನ್ನು ಹದಿಹರೆಯದವರು ಬರೆದು, ಹೊಡೆದುಹಾಕಿ, ಜಗಳವಾಡಿಯೇ ಕಂಡುಕೊಳ್ಳಬೇಕು. ವಲಸೆ ಬಂದ ಟೀಚರ್ ಒಬ್ಬರ ಉಚ್ಚಾರವನ್ನು ಆಡಿಕೊಳ್ಳುವ ಸಾಲನ್ನು ಗುಂಪಿನಲ್ಲೊಬ್ಬಳು ಬೇಡವೆಂದು ತೆಗೆಸಿದರೆ, ಆ ಸಂಜೆಯ ಅತಿ ದೊಡ್ಡ ಪಾಠ ಅದೇ. ಪ್ರೇಕ್ಷಕರಿಗೆ ಅದು ಕಾಣುವುದೇ ಇಲ್ಲ.

ಸಂಭ್ರಮ ಹದ ಮೀರುವ ಭಯ ಆ ಪರಂಪರೆಗೂ ಹಿಂದಿನಿಂದ ಇದೆ. ಪೂರಿಮ್‌ನಲ್ಲಿ ಹಾಮಾನನಿಗೆ ಶಾಪವೋ ಎಸ್ತೇರಳ ಬಂಧು ಮೊರ್ದೆಕೈಗೆ ಹರಕೆಯೋ ತಿಳಿಯದಷ್ಟು ಕುಡಿಯಬೇಕೆಂಬ ಒಂದು ಅಭಿಪ್ರಾಯ ತಾಲ್ಮುಡ್ಡಿನಲ್ಲಿದೆ. ಅದರ ಬೆನ್ನಿಗೇ ಒಂದು ಕಥೆ. ರಬ್ಬಾ ಎಂಬ ಪಂಡಿತ ಕುಡಿದ ಅಮಲಿನಲ್ಲಿ ಗೆಳೆಯ ಜೇರಾನನ್ನು ಕೊಂದುಬಿಟ್ಟ. ಮಾರನೆಯ ದಿನ ಪ್ರಾರ್ಥಿಸಿ ಬದುಕಿಸಿದ. ಮರುವರ್ಷ ಮತ್ತೆ ಹಬ್ಬಕ್ಕೆ ಕರೆದಾಗ ಜೇರಾ, ಪವಾಡ ಪ್ರತಿ ಸಲವೂ ನಡೆಯುವುದಿಲ್ಲಪ್ಪ ಎಂದು ದೂರ ಉಳಿದ. ವಿಧಿಯನ್ನೂ ಅದರ ವಿಡಂಬನೆಯನ್ನೂ ಒಂದೇ ಪುಟದಲ್ಲಿ ಇಟ್ಟುಕೊಂಡ ಗ್ರಂಥವಿದು. ಮದ್ಯಕ್ಕೆ ಬಾಗಿಲು ಮುಚ್ಚಿರುವ ಹೈಸ್ಕೂಲಿನವರಿಗೆ ಈ ಕಥೆಗಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಸಿಯುಮ್ ಎಂಬ ಇನ್ನೊಂದು ಆಚರಣೆಯೂ ನನಗೆ ಇಷ್ಟ. ತಾಲ್ಮುಡ್ಡಿನ ಒಂದು ಭಾಗವನ್ನು ಓದಿ ಮುಗಿಸಿದವರು ಊಟ ಹಾಕಿ ಸಂಭ್ರಮಿಸುವುದು. ಓದುವುದು ಇಬ್ಬಿಬ್ಬರಾಗಿ, ಎದುರುಬದುರು ಕೂತು, ದನಿ ಏರಿಸಿ ವಾದ ಮಾಡುತ್ತ. ಆ ಓದುಮನೆ ಸಂತೆಯಷ್ಟು ಗದ್ದಲದ್ದು. ಮುಗಿಸಿದವರು ಮತ್ತೆ ಇದೇ ಗ್ರಂಥಕ್ಕೆ ಮರಳಿ ಬರುತ್ತೇವೆಂದು ಮಾತು ಕೊಟ್ಟು ಎದ್ದೇಳುತ್ತಾರೆ. ಪರೀಕ್ಷೆ ಮುಗಿದ ದಿನ ಪುಸ್ತಕ ಹರಿದು ಕಿಟಕಿಯಿಂದ ತೂರುವ ಮಕ್ಕಳನ್ನು ಕಂಡ ನಮಗೆ ಇದು ಸ್ವಲ್ಪ ಅಸೂಯೆ ಹುಟ್ಟಿಸುವ ಸಂಗತಿ.

ಇಷ್ಟು ಹೊಗಳಿದ ಮೇಲೆ ಇಕ್ಕಟ್ಟಿನ ಜಾಗಕ್ಕೂ ಬರಬೇಕು. ಈ ಶಾಲೆಗಳಲ್ಲಿ ಬಹಳಷ್ಟು ಕಡೆ ವಸಂತದಲ್ಲಿ ಇಸ್ರೇಲಿನ ಎರಡು ದಿನಗಳನ್ನು ಆಚರಿಸುತ್ತಾರೆ. ಮಡಿದ ಸೈನಿಕರ ಸ್ಮರಣೆಯ ದಿನ ಮೊದಲು, ಮರುದಿನವೇ ಸ್ವಾತಂತ್ರ್ಯ ದಿನ. ಒಂದೇ ಸಂಜೆಯೊಳಗೆ ಮೌನದಿಂದ ಬಾವುಟ, ಕುಣಿತಕ್ಕೆ ದಾಟಬೇಕು. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ದಾಳಿ ನಡೆದದ್ದೂ ಹಬ್ಬದ ದಿನವೇ, ಧರ್ಮಗ್ರಂಥ ತೋರಾದ ಸುರುಳಿಗಳನ್ನು ಎತ್ತಿಕೊಂಡು ಕುಣಿಯುವ ಸಿಮ್ಹಾತ್ ತೋರಾದಂದು. ಅಣ್ಣನೋ ಸೋದರತ್ತೆಯ ಮಗನೋ ಇಸ್ರೇಲಿ ಸೇನೆಯಲ್ಲಿರುವ ಮಕ್ಕಳಿಗೆ ಇದು ದೂರದ ಸುದ್ದಿಯಲ್ಲ. ಆ ದುಃಖವನ್ನು ಹಗುರವಾಗಿ ನೋಡುವ ಹಕ್ಕು ಯಾರಿಗೂ ಇಲ್ಲ. ಆದರೆ ಇಸ್ರೇಲ್ ಸ್ವತಂತ್ರವಾದ ಅದೇ 1948ನ್ನು ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡ ವರ್ಷವೆಂದು, ನಕ್ಬಾ ಎಂದು ನೆನೆಯುತ್ತಾರೆ. ಗಾಜಾದ ಸಾವುಗಳ ಚಿತ್ರ ಇದೇ ಮಕ್ಕಳ ಮೊಬೈಲಿನಲ್ಲೂ ಇದೆ. ಸ್ವಾತಂತ್ರ್ಯ ದಿನದ ಕುಣಿತದಿಂದ ಹೊರಗುಳಿದು ಕೂತ ವಿದ್ಯಾರ್ಥಿಗೆ ಏನಾಗುತ್ತದೆ? ಪಾಸೋವರ್ ಹಬ್ಬದ ರಾತ್ರಿ ಊಟಕ್ಕೆ ಮೊದಲು ಮನೆಯ ಕಿರಿಯ ಮಗುವಿನಿಂದ ಪ್ರಶ್ನೆ ಕೇಳಿಸುವ ಜನ, ಈ ದಿನದ ಪ್ರಶ್ನೆಗೂ ಅಷ್ಟೇ ಜಾಗ ಕೊಡಬೇಕಲ್ಲವೇ? ಹೊರಗುಳಿದವರನ್ನು ದ್ರೋಹಿಯೆಂದು ನೋಡದ ಶಾಲೆ ನನ್ನ ಪರೀಕ್ಷೆಯಲ್ಲಿ ಪಾಸು, ಹಾಗೆ ನೋಡುವ ಶಾಲೆ ಪೂರಿಮ್‌ನಲ್ಲಿ ಎಷ್ಟೇ ನಕ್ಕರೂ ಫೇಲು.

ಯಾರು ಒಳಗೆ, ಯಾರು ಹೊರಗೆ ಎಂಬುದು ಲಂಡನ್ನಿನಲ್ಲಿ ಕೋರ್ಟು ಮೆಟ್ಟಿಲೇರಿತ್ತು. ಅಲ್ಲಿನ ಜೆಎಫ್‌ಎಸ್ ಎಂಬ ಯೆಹೂದಿ ಶಾಲೆ 1732ರಷ್ಟು ಹಳೆಯದು, ಈಗ ಸರಕಾರದ ಹಣದಲ್ಲಿ ನಡೆಯುತ್ತದೆ. ಒಬ್ಬ ಹುಡುಗನ ತಾಯಿ ಮತಾಂತರವಾದ ವಿಧಾನ ಸಾಂಪ್ರದಾಯಿಕವಲ್ಲ, ಆದ್ದರಿಂದ ಅವನು ಯೆಹೂದಿಯೇ ಅಲ್ಲ ಎಂದು ಶಾಲೆ ಪ್ರವೇಶ ನಿರಾಕರಿಸಿತು. 2009ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ಇದು ಜನಾಂಗೀಯ ತಾರತಮ್ಯ ಎಂದು ತೀರ್ಪಿತ್ತಿತು. ಅಲ್ಲಿಂದ ಮುಂದೆ ಹುಟ್ಟನ್ನು ಬಿಟ್ಟು ಆಚರಣೆಯನ್ನು ಅಳೆಯಬೇಕಾಯಿತು. ತೀರ್ಪಿನ ಬಗ್ಗೆ ಯೆಹೂದಿಗಳಲ್ಲೇ ಭಿನ್ನಾಭಿಪ್ರಾಯವಿದೆ. ಹಬ್ಬ ಹೊರಲು ಸಿದ್ಧನಿರುವ ಹುಡುಗನನ್ನು ತಾಯಿಯ ಕಾಗದಪತ್ರ ನೋಡಿ ಹೊರಗೆ ನಿಲ್ಲಿಸುವುದು ನನಗಂತೂ ಸರಿ ಕಾಣದು.

ಇದಕ್ಕೆ ತೀರಾ ತದ್ವಿರುದ್ಧ ಚಿತ್ರ ಕಲ್ಕತ್ತೆಯದು. ಬಾಗ್ದಾದಿ ಯೆಹೂದಿಗಳು 1881ರಲ್ಲಿ ಕಟ್ಟಿದ ಜ್ಯೂಯಿಷ್ ಗರ್ಲ್ಸ್ ಸ್ಕೂಲಿನಲ್ಲಿ ಇಂದು ಓದುವವರು ಬಹುಪಾಲು ಮುಸ್ಲಿಂ ಹುಡುಗಿಯರು. ಕಟ್ಟಿದ ಸಮುದಾಯ ಇಸ್ರೇಲ್, ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಚದುರಿ, ಊರಿನಲ್ಲಿ ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದಾರೆ. ಸಮವಸ್ತ್ರದ ಮೇಲೆ ದಾವೀದನ ನಕ್ಷತ್ರ ಇನ್ನೂ ಇದೆ. ಹಬ್ಬ ಹೊರುವ ಮಕ್ಕಳಿಲ್ಲದಾಗ ಉಳಿಯುವುದು ಲಾಂಛನವಷ್ಟೇ, ನಿಜ. ಆದರೆ ಶಾಲೆ ಬದುಕಿದೆ, ಹುಡುಗಿಯರು ಓದುತ್ತಿದ್ದಾರೆ. ನೀವು ಮೋಶೆಯಂತಾಗಿ ಎಂದು ಯಾರೂ ಅವರಿಗೆ ಉಪದೇಶ ಮಾಡಬೇಕಿಲ್ಲ. ಬ್ರೂಕ್ಲಿನ್ನಿನ ಮುಖ್ಯೋಪಾಧ್ಯಾಯರಿಗೆ ತಿಳಿಯದ ಸಂಗತಿ ಇದು. ಹಬ್ಬವಿಲ್ಲದೆಯೂ ಒಳ್ಳೆಯ ಶಾಲೆ ಇರಬಹುದು, ಆದರೆ ಹೊರುವವರಿಲ್ಲದ ಹಬ್ಬವನ್ನು ಮಕ್ಕಳ ತಲೆಗೆ ಕಟ್ಟಿದರೆ ಒಳ್ಳೆಯ ಶಾಲೆಯೂ ಕೆಡುತ್ತದೆ.

ಅಮೆರಿಕದ ಕನ್ನಡಿಗರಿಗೆ ಈ ಪ್ರಶ್ನೆ ಪರಕೀಯವಲ್ಲ. ಅವರಲ್ಲಿ ದಿನಪೂರ್ತಿ ಶಾಲೆಗಳಿಲ್ಲ; ವಾರಾಂತ್ಯದ ‘ಕನ್ನಡ ಕಲಿ’ ತರಗತಿಗಳಿವೆ, ಕನ್ನಡ ಕೂಟಗಳ ಯುಗಾದಿ, ರಾಜ್ಯೋತ್ಸವಗಳಿವೆ. ಅವುಗಳಲ್ಲಿ ಮಕ್ಕಳ ಪಾಲು ಸಾಮಾನ್ಯವಾಗಿ ದೊಡ್ಡವರು ಆರಿಸಿದ ಹಾಡಿಗೆ, ದೊಡ್ಡವರು ಹೊಲಿಸಿದ ಬಟ್ಟೆಯಲ್ಲಿ ಐದು ನಿಮಿಷ ಕುಣಿದು ಇಳಿಯುವುದು. ಕೂಟದ ಪದಾಧಿಕಾರಿಗಳಲ್ಲಿ ಒಂದು ಮನವಿ. ಈ ಸಲದ ರಾಜ್ಯೋತ್ಸವದಲ್ಲಿ ಒಂದು ಗಂಟೆಯನ್ನು ಹೈಸ್ಕೂಲು ಮಕ್ಕಳ ಕೈಗೆ ಬಿಡಿ. ತಪ್ಪು ಕನ್ನಡದಲ್ಲಾದರೂ ಅವರೇ ಬರೆಯಲಿ, ಸಭೆ ತಿದ್ದಲಿ, ಅಧ್ಯಕ್ಷರ ಉದ್ದುದ್ದ ಭಾಷಣವನ್ನು ಅವರು ಅಣಕಿಸಲಿ. ನೀವು ಮುಂದಿನ ಸಾಲಿನಲ್ಲಿ ಕೂತು ನಗಿ.