ಯಾರೂ ನೋಡದಿದ್ದಾಗ

ದ್ವಿತೀಯ ಪಿಯು ಜೀವಶಾಸ್ತ್ರ ಪುಸ್ತಕದಲ್ಲಿ ದನ ಮತ್ತು ಬೆಳ್ಳಕ್ಕಿಯ ಉದಾಹರಣೆ ಇದೆ. ದನ ಮೇಯುವಾಗ ಹುಲ್ಲಿನಿಂದ ಏಳುವ ಹುಳುಗಳು ಹಕ್ಕಿಗೆ ಊಟ. ದನಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ದೋಣಿಮಲೈ ಸುತ್ತಮುತ್ತ ಇದನ್ನು ನಾವೆಲ್ಲ ನೋಡಿದ್ದೇವೆ. ಇದಕ್ಕಿಂತ ಸ್ವಾರಸ್ಯದ ಸಂಬಂಧವೊಂದು ಸಮುದ್ರದಲ್ಲಿದೆ.

ಹವಳದ ದಿಬ್ಬಗಳು ನಮ್ಮ ರಾಜ್ಯದಲ್ಲೂ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಇವೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ಇಂಥ ದಿಬ್ಬಗಳಲ್ಲಿ ಕ್ಲೀನರ್ ರಾಸ್ ಎಂಬ ಬೆರಳುದ್ದದ ಮೀನು ವಾಸಿಸುತ್ತದೆ. ಅಂಗಡಿ ಇಟ್ಟವರಂತೆ ಅದು ಒಂದೇ ಜಾಗದಲ್ಲಿರುತ್ತದೆ. ದೊಡ್ಡ ಮೀನುಗಳು ಅಲ್ಲಿಗೆ ಬಂದು ಬಾಯಿ, ಕಿವಿರು ತೆರೆದು ನಿಲ್ಲುತ್ತವೆ. ಇದು ಅವುಗಳ ಮೈಗೆ ಅಂಟಿದ ಪರಾವಲಂಬಿಗಳನ್ನು ಹೆಕ್ಕಿ ತಿನ್ನುತ್ತದೆ. ವಿಜ್ಞಾನಿ ಅಲೆಕ್ಸಾಂಡ್ರಾ ಗ್ರಟರ್ ಅವರ ಲೆಕ್ಕದಂತೆ ದಿನಕ್ಕೆ ಸುಮಾರು 1,200! ಒಬ್ಬರಿಗೆ ಊಟ, ಇನ್ನೊಬ್ಬರಿಗೆ ಆರೋಗ್ಯ.

ಆದರೆ ಕ್ಲೀನರ್‌ಗೆ ಹೆಚ್ಚು ರುಚಿಸುವುದು ಪರಾವಲಂಬಿಯಲ್ಲ, ಗಿರಾಕಿಯ ಮೈಮೇಲಿನ ಲೋಳೆ. ಸಮಯ ಸಿಕ್ಕರೆ ಕಚ್ಚಿಬಿಡುತ್ತದೆ. ಗಿರಾಕಿ ಬೆಚ್ಚಿ ದೂರ ಹೋಗುತ್ತದೆ, ಇಲ್ಲವೇ ಅಟ್ಟಿಸಿಕೊಂಡು ಬರುತ್ತದೆ. ಗ್ರಟರ್ ಮತ್ತು ರೆಡುವಾನ್ ಬ್ಷಾರಿ 2006ರಲ್ಲಿ ತೋರಿಸಿದ್ದೇನೆಂದರೆ, ಬೇರೆ ಗಿರಾಕಿಗಳು ನೋಡುವಂತಿದ್ದರೆ ಈ ಮೀನು ಹೆಚ್ಚು ನಿಯತ್ತಿನಿಂದ ಕೆಲಸ ಮಾಡುತ್ತದೆ!

ಇದನ್ನು ಓದಿದಾಗ ಪರೀಕ್ಷಾ ಕೊಠಡಿಯ ಕ್ಯಾಮೆರಾ ನೆನಪಾಯಿತು. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಕ್ಯಾಮೆರಾ ಇಡುವುದು ನಮಗೆ ಅವಮಾನ ಎಂದು ಕೆಲವು ಗೆಳೆಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ರಾತ್ರಿಯೆಲ್ಲ ಓದಿದವರಿಗೆ ಅದು ರಕ್ಷಣೆ.

ಆದರೆ ಕ್ಯಾಮೆರಾ ಎಲ್ಲ ಕಡೆ ಇರುವುದಿಲ್ಲ. ಕಳೆದ ತಿಂಗಳು ಲ್ಯಾಬ್‌ನಲ್ಲಿ ನನ್ನ ಟೈಟ್ರೇಷನ್ ರೀಡಿಂಗ್ ಸರಿಬರಲಿಲ್ಲ. ಪಕ್ಕದವನ ರೀಡಿಂಗ್ ನೋಡಿ ರೆಕಾರ್ಡ್‌ನಲ್ಲಿ ಬರೆದೆ. ಸಹಿಯೂ ಬಿತ್ತು. ಆದರೆ ನನ್ನ ತಪ್ಪು ಎಲ್ಲಾಯಿತೆಂದು ಇಂದಿಗೂ ನನಗೆ ಗೊತ್ತಿಲ್ಲ.

ನಾಳೆ ನಮ್ಮಲ್ಲೇ ಯಾರೋ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ, ಇನ್ಯಾರೋ ಗಣಿಯ ಲಾರಿಯ ಬ್ರೇಕ್ ನೋಡುತ್ತಾರೆ. ಅಲ್ಲಿಯೂ ರೀಡಿಂಗ್ ಬರೆಯಬೇಕು. ಆ ಲಾರಿ ಘಟ್ಟ ಇಳಿಯುವಾಗ ಚಾಲಕನಿಗೆ, ಮೀನಿನ ಗಿರಾಕಿಯಂತೆ, ದೂರ ಸರಿಯುವ ಅವಕಾಶವಿರುವುದಿಲ್ಲ. ನೋಡುವವರಿದ್ದರೆ ಮೀನೂ ನಿಯತ್ತಾಗಿರುತ್ತದೆ. ನಾವು ಅಷ್ಟಕ್ಕೇ ನಿಲ್ಲಬಾರದು. ಮುಂದಿನ ಪ್ರಾಕ್ಟಿಕಲ್‌ನಲ್ಲಿ ತಪ್ಪು ಬಂದರೂ ನನ್ನದೇ ರೀಡಿಂಗ್ ಬರೆಯುತ್ತೇನೆ. ನೀವೂ ಬರೆಯಿರಿ.